ಗೊಬ್ಬರದ ಅಂಗಳಕ್ಕೆ ಮಳೆ ಬಂದಾಗ: ಕಪ್ಪು ನೀರಿನ ಹಿಂದೆ ಎರಡು ವರ್ಷ

ತಿಪಟೂರು ಕಡೆ ನನ್ನದೊಂದು ಕಾಂಪೋಸ್ಟ್ ಘಟಕ ಇದೆ. ಒಟ್ಟು ಎರಡೂವರೆ ಎಕರೆ, ಅದರಲ್ಲಿ ಒಂದು ಎಕರೆಯಷ್ಟು ಜಾಗದಲ್ಲಿ ಗೊಬ್ಬರದ ರಾಶಿಗಳು. ತರಕಾರಿ ಮಾರುಕಟ್ಟೆಯ ಕಸ, ಕಲ್ಯಾಣ ಮಂಟಪಗಳಿಂದ ಬರುವ ಬಾಳೆ ಎಲೆ ಮತ್ತು ಅನ್ನ, ಸುತ್ತಲಿನ ಕೊಟ್ಟಿಗೆಗಳ ಸಗಣಿ. ಇವಕ್ಕೆ ಬೆರೆಸಲು ಒಣ ಸಾಮಗ್ರಿ ಅಂದರೆ ನಮ್ಮಲ್ಲಿ ಬೇಕಾದಷ್ಟು ಸಿಗುವ ತೆಂಗಿನ ನಾರಿನ ಪುಡಿ. ನಮ್ಮದು ಬಯಲು ಸೀಮೆ. ಇಲ್ಲಿ ಮಳೆ ಬರಲಿ ಅಂತ ಕಾಯುವವರೇ ಎಲ್ಲ. ಮಳೆ ನೀರೇ ತೊಂದರೆ ಆಗುತ್ತದೆ ಅಂತ ಘಟಕ ಶುರು ಮಾಡುವಾಗ ನನ್ನ ತಲೆಗೆ ಬಂದಿರಲೇ ಇಲ್ಲ.

ಮೊದಲ ವರ್ಷ ಕೃತ್ತಿಕೆ ಮಳೆ ಜೋರಾಗಿ ಬಂತು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಕೆಳಗಿನ ತೋಟದ ಅಜ್ಜ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಒಂದು ಸ್ಟೀಲ್ ಚೊಂಬು. ಜಗಳಕ್ಕೆ ಬಂದಿರಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು.

"ಏನಪ್ಪಾ, ಇದನ್ನ ನೋಡು" ಅಂತ ಚೊಂಬು ಮುಂದೆ ಹಿಡಿದರು. ಡಿಕಾಕ್ಷನ್ ತರ ಕಪ್ಪು ನೀರು, ಮೇಲೆ ಕಂದು ನೊರೆ. "ನನ್ನ ಕಟ್ಟೇಲಿ ಪೂರ್ತಿ ಇದೇ ನೀರು. ಹಸು ಬಾಯಿ ಇಟ್ಟು ಹಿಂದಕ್ಕೆ ಬಂದ್ಬಿಡ್ತು. ಒಳ್ಳೆ ಕೆಲಸ ಮಾಡ್ತಿದಾನೆ ಹುಡುಗ ಅಂತ ನಾಲ್ಕು ಜನಕ್ಕೆ ಹೇಳಿದೀನಿ ಕಣಪ್ಪ. ಇದಕ್ಕೊಂದು ದಾರಿ ಮಾಡು."

ಅವರ ಜೊತೆಯೇ ನಡೆದುಕೊಂಡು ಹೋದೆ. ನಮ್ಮ ಬೇಲಿ ದಾಟಿ, ದಾರಿಯ ಪಕ್ಕದ ಹಳ್ಳದ ಗುಂಟ ಕಪ್ಪು ಗೆರೆ. ಅಲ್ಲಲ್ಲಿ ನಾರಿನ ಪುಡಿ, ಕೊಳೆತ ಟೊಮೆಟೊ ಸಿಪ್ಪೆ. ಆ ಗೆರೆ ನೇರವಾಗಿ ಅವರ ಕಟ್ಟೆಗೆ ಇಳಿದಿತ್ತು. ಕಟ್ಟೆಯ ಅಂಚಿನಲ್ಲಿ ಸಣ್ಣ ಮೀನುಗಳು ನೀರಿನ ಮೇಲಕ್ಕೆ ಬಾಯಿ ಹಾಕಿ ಗಾಳಿಗೆ ಒದ್ದಾಡುತ್ತಿದ್ದವು. ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಬೆಳ್ಳಗೆ ತೇಲಿದವು. ಅದನ್ನು ಮರೆಯಲು ನನಗೆ ಆಗಿಲ್ಲ.

ಗೊಬ್ಬರ ಅಂದರೆ ಒಳ್ಳೆಯದು, ಅದರ ನೀರೂ ಒಳ್ಳೆಯದೇ ಇರಬೇಕು, ತೋಟಕ್ಕೆ ಹೋದರೆ ಪುಕ್ಕಟೆ ಗೊಬ್ಬರ ಅಲ್ವಾ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಳಿತ ಗೊಬ್ಬರ ಬೇರೆ, ಅರ್ಧ ಕೊಳೆತ ರಾಶಿಯಿಂದ ತೊಳೆದು ಬರುವ ನೀರು ಬೇರೆ. ಈ ನೀರಿನಲ್ಲಿ ಇನ್ನೂ ಕೊಳೆಯಬೇಕಾದ ಪದಾರ್ಥ ಕರಗಿರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಎಷ್ಟು ಎಳೆಯುತ್ತವೆ ಅನ್ನುವುದರ ಅಳತೆಗೇ ಬಿಒಡಿ ಅನ್ನುತ್ತಾರೆ. ನಾನು ಲ್ಯಾಬ್‌ಗೆ ಕಳಿಸಿದ ಮೊದಲ ಮಾದರಿಯ ಬಿಒಡಿ ಲೀಟರಿಗೆ ಸಾವಿರ ಮಿಲಿಗ್ರಾಂ ದಾಟಿತ್ತು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥ ನೀರನ್ನು ಹಳ್ಳಕ್ಕೋ ಕೆರೆಗೋ ಬಿಡಬೇಕಾದರೆ ಅದು 30ರ ಒಳಗಿರಬೇಕಿತ್ತು. ನಮ್ಮ ಕಡೆಯ ಬಿಸಿಲಲ್ಲಿ ಒಂದು ಲೀಟರ್ ಒಳ್ಳೆ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಅಷ್ಟೇ. ಅಂದರೆ ನನ್ನ ಅಂಗಳದ ಒಂದು ಲೀಟರ್ ನೀರಿಗೆ ಅಜ್ಜನ ಕಟ್ಟೆಯ ನೂರಕ್ಕೂ ಹೆಚ್ಚು ಲೀಟರ್ ನೀರಿನ ಉಸಿರು ತೆಗೆಯುವ ಶಕ್ತಿ ಇತ್ತು. ಜೊತೆಗೆ ಸಾರಜನಕ, ರಂಜಕ ಬೇರೆ. ಮೀನು ಸಾಯದೆ ಉಳಿದರೂ ಆಮೇಲೆ ಪಾಚಿ ಹಬ್ಬುತ್ತದೆ.

ಅವತ್ತೇ ಜೆಸಿಬಿ ಕರೆಸಿ ಅಂಗಳದ ಕೆಳ ಮೂಲೆಯಲ್ಲಿ ಗುಂಡಿ ತೋಡಿಸಿದೆ. 10 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳ. ದೊಡ್ಡ ಗುಂಡಿ ಅಂತಲೇ ಅನ್ನಿಸಿತ್ತು. ಹತ್ತು ದಿನ ಬಿಟ್ಟು ಮತ್ತೆ ಮಳೆ ಬಂದಾಗ ಅದು ತುಂಬುವುದಕ್ಕೆ ಕಾಲು ಗಂಟೆ ಕೂಡ ಬೇಕಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಸಂಜೆಗೆ 60 ಮಿಲಿಮೀಟರ್ ಸುರಿದರೆ ನನ್ನ ಅಂಗಳದ ಮೇಲೆ ಬೀಳುವ ನೀರೇ 2 ಲಕ್ಷ 40 ಸಾವಿರ ಲೀಟರ್. ನಾನು ತೋಡಿಸಿದ ಗುಂಡಿ ಹಿಡಿಯುವುದು ಹದಿಮೂರು ಸಾವಿರ ಚಿಲ್ಲರೆ. ಅದೂ ಬರೀ ಮಣ್ಣಿನ ಗುಂಡಿ, ತಳಕ್ಕೆ ಏನೂ ಹಾಕಿರಲಿಲ್ಲ. ತುಂಬಿದ್ದು ಎರಡು ದಿನಕ್ಕೆ ಇಂಗಿ ಹೋದಾಗ ಖುಷಿಪಟ್ಟಿದ್ದೆ. ಇಂಗಿದ್ದು ಎಲ್ಲಿಗೆ ಅಂತ ಯೋಚಿಸಿದಾಗ ಕೈಕಾಲು ತಣ್ಣಗಾಯಿತು. ಆ ಗುಂಡಿಯಿಂದ ನಮ್ಮದೇ ಬೋರ್‌ವೆಲ್ ಇನ್ನೂರು ಅಡಿ ದೂರ ಇರಲಿಲ್ಲ. ಮಾವಳ್ಳಿಪುರ, ಮಂಡೂರಿನ ಜನ ಬೆಂಗಳೂರಿನ ಕಸದಿಂದ ಪಟ್ಟ ಪಾಡನ್ನು ಪೇಪರಿನಲ್ಲಿ ಓದಿದ್ದವನು ನಾನು. ಅಂಥದ್ದೇ ಒಂದು ಚಿಕ್ಕದನ್ನು ನಮ್ಮೂರಲ್ಲಿ ಶುರು ಮಾಡಿಬಿಟ್ಟೆನಾ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಗುಂಡಿಯ ತಳದ ಕೆಸರು ಎತ್ತಿಸಿ, ಜೇಡಿಮಣ್ಣು ತುಂಬಿಸಿ ಮುಚ್ಚಿಸಿದೆ.

ಸಲಹೆ ಕೇಳಲು ಹೋದಾಗ ಒಬ್ಬರು ನೀರು ಶುದ್ಧೀಕರಣ ಘಟಕವನ್ನೇ ಹಾಕಿಸಿ ಅಂದರು. ಅವರು ಹೇಳಿದ ಖರ್ಚು ನನ್ನ ಎರಡು ವರ್ಷದ ವ್ಯಾಪಾರಕ್ಕಿಂತ ಜಾಸ್ತಿ. ಬ್ಯಾಂಕಿಗೆ ಅರ್ಜಿ ಬರೆದು ಇಟ್ಟುಕೊಂಡಿದ್ದೆ ಕೂಡ. ಕೊಡುವ ಮುಂಚೆ ಒಂದು ಕೆಲಸ ಮಾಡಿದೆ, ಇಡೀ ಕತೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಖಾಲಿ ಸೋಡಾ ಬಾಟಲಿ ಐದು ತೊಳೆದು ಇಟ್ಟುಕೊಂಡೆ. ಆರಿದ್ರಾ ಮಳೆ ಶುರುವಾದ ಸಂಜೆ ರೈನ್‌ಕೋಟ್ ಹಾಕಿಕೊಂಡು ಐದು ಕಡೆ ನೀರು ಹಿಡಿದೆ. ಒಂದು, ನಮ್ಮ ಜಾಗದ ಮೇಲ್ಗಡೆಯ ದಿಬ್ಬದಿಂದ ಇಳಿದು ಒಳಗೆ ಬರುವ ನೀರು. ಎರಡು, ಕಚೇರಿಯ ಶೀಟಿನಿಂದ ಸುರಿಯುವ ನೀರು. ಮೂರು, ಹೊಸ ಕಸ ಇಳಿಸುವ ಕಡೆಯದು. ನಾಲ್ಕು, ಮಾಗಿದ ಗೊಬ್ಬರದ ರಾಶಿಯ ಬುಡದ್ದು. ಐದು, ಎಲ್ಲ ಸೇರಿ ಬೇಲಿ ದಾಟುವ ಜಾಗದ್ದು. ಐದನ್ನೂ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ದಿಬ್ಬದ ನೀರಿನಲ್ಲಿ ಕೆಂಪು ಮಣ್ಣೆಲ್ಲ ತಳದಲ್ಲಿ ಎರಡು ಬೆರಳು ಕೂತು ಮೇಲೆ ನೀರು ತಿಳಿಯಾಗಿತ್ತು. ಶೀಟಿನ ನೀರು ಮೊದಲಿಂದಲೂ ತಿಳಿಯೇ. ಮಾಗಿದ ರಾಶಿಯದ್ದು ತೆಳು ಚಹಾದ ಬಣ್ಣ, ವಾಸನೆ ಮಣ್ಣಿನದ್ದೇ. ಹೊಸ ಕಸದ ಬಾಟಲಿ ಮಾತ್ರ ಹಾಗೇ ಕಪ್ಪಾಗಿತ್ತು, ರಾತ್ರಿಯಿಡೀ ಇಟ್ಟರೂ ಏನೂ ಕೂತಿರಲಿಲ್ಲ. ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ಹಿಂದೆಯೇ ಕೊಳೆತ ಮೊಟ್ಟೆಯ ವಾಸನೆ.

ಐದನೆಯದು, ಬೇಲಿ ದಾಟುವ ನೀರು, ಅದೂ ಕಪ್ಪೇ. ಆದರೆ ಅಷ್ಟೂ ನೀರಿನಲ್ಲಿ ನಿಜವಾಗಿ ಹೊಲಸು ಇದ್ದದ್ದು ಒಂದೇ ಮೂಲೆಯಿಂದ ಬಂದದ್ದು. ಮೇಲ್ಗಡೆ ದಿಬ್ಬ ಮೂರು ಎಕರೆಯಷ್ಟಿದೆ. ಅದರ ಮೇಲೆ ಬಿದ್ದ ಮಳೆಯಲ್ಲಿ ಅರ್ಧ ಹರಿದು ಬಂದರೂ ನನ್ನ ಅಂಗಳದ ನೀರಿಗಿಂತ ಅದೇ ಜಾಸ್ತಿ. ಆ ಒಳ್ಳೆ ನೀರನ್ನೆಲ್ಲ ನಾನು ನನ್ನ ಕೊಳೆಯೊಳಗೆ ಹಾಯಿಸಿ, ಕಪ್ಪು ಮಾಡಿ, ಅಜ್ಜನ ಕಟ್ಟೆಗೆ ಕಳಿಸುತ್ತಿದ್ದೆ. ಹೊಲಸಾದ ನೀರನ್ನು ಶುದ್ಧ ಮಾಡುವುದು ಆಮೇಲಿನ ಮಾತು, ಒಳ್ಳೆ ನೀರು ಹೊಲಸಾಗದ ಹಾಗೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯುತ್ತದೆ ಅಂತ ಆ ಬಾಟಲಿಗಳ ಮುಂದೆ ನಿಂತು ಅರ್ಥ ಮಾಡಿಕೊಂಡೆ. ಬ್ಯಾಂಕಿನ ಅರ್ಜಿ ಡ್ರಾಯರಿನಲ್ಲೇ ಉಳಿಯಿತು.

ಮೊದಲು ಮಾಡಿಸಿದ್ದು ಮೇಲ್ಗಡೆಯ ಕಾಲುವೆ. ದಿಬ್ಬದ ಕಡೆ ಬೇಲಿಯ ಉದ್ದಕ್ಕೂ ಎರಡಡಿ ಆಳದ ಕಾಲುವೆ, ತೆಗೆದ ಮಣ್ಣನ್ನು ನಮ್ಮ ಕಡೆಗೇ ಹಾಕಿ ಬದು. ಬರುವ ನೀರು ಬದುವಿಗೆ ತಾಗಿ, ಅಂಗಳವನ್ನು ಬಳಸಿಕೊಂಡು, ಪಕ್ಕದ ಹಳ್ಳಕ್ಕೆ ಹೋಗಬೇಕು. ಮಟ್ಟ ನೋಡಲು ಗಾರೆ ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್ ಸಾಕಾಯಿತು. ಜೆಸಿಬಿ ಒಂದೂವರೆ ದಿನ, ಆಳು ನಾಲ್ಕು ದಿನ. ಇಷ್ಟು ಕಡಿಮೆ ಖರ್ಚಿನ ಕೆಲಸದಿಂದ ಇಷ್ಟು ಫಲ ಬೇರೆ ಯಾವುದರಿಂದಲೂ ನನಗೆ ಸಿಕ್ಕಿಲ್ಲ. ಒಂದೇ ತಪ್ಪು ಅಂದರೆ ಹೊಸ ಮಣ್ಣಿನ ಕಾಲುವೆಯನ್ನು ಹಾಗೇ ಬಿಟ್ಟದ್ದು. ಮೊದಲ ಜೋರು ಮಳೆಗೆ ತಿರುವಿನಲ್ಲಿ ಕೊರೆದು ಮಣ್ಣೆಲ್ಲ ಹಳ್ಳಕ್ಕೆ ಹೋಯಿತು. ತೇಲುವ ಮಣ್ಣು, ಕಸ ಕೂಡ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು ಅಂತ ಅದೇ ನಿಯಮದಲ್ಲಿತ್ತು. ಕೊಳೆ ನೀರಿಗೆ ಹಾಕಿದ ಆ ಮಿತಿಯನ್ನೇ ನನ್ನ ಒಳ್ಳೆ ನೀರಿಗೂ ಇಟ್ಟುಕೊಂಡೆ. ತಿರುವುಗಳಿಗೆ ಕಲ್ಲು ಜೋಡಿಸಿ, ಬದುವಿನ ಮೇಲೆ ಲಾವಂಚ ನೆಟ್ಟೆವು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಒಮ್ಮೆ ಹಿಡಿದರೆ ಮಣ್ಣು ಬಿಡುವುದಿಲ್ಲ.

ಎರಡನೆಯದು ಸೂರು. ದುಡ್ಡು ಇದ್ದಷ್ಟಕ್ಕೆ ಮಾತ್ರ ಹಾಕಿಸಬಹುದಿತ್ತು, ಹಾಗಾಗಿ ಎಲ್ಲಿಗೆ ಅಂತ ಆರಿಸಬೇಕಾಯಿತು. ಬಾಟಲಿಗಳು ಆಗಲೇ ಉತ್ತರ ಹೇಳಿದ್ದವು. ಕಸ ಇಳಿಸುವ ಜಾಗ ಮತ್ತು ಮೊದಲ ಮೂರು ವಾರದ ರಾಶಿಗಳಿಗೆ 120 ಅಡಿ ಉದ್ದ, 40 ಅಡಿ ಅಗಲದ ಶೀಟಿನ ಶೆಡ್. ಆ ಶೀಟಿನ ಮೇಲೆ 60 ಮಿಲಿಮೀಟರ್ ಮಳೆ ಬಿದ್ದರೆ 26 ಸಾವಿರ ಲೀಟರಿಗೂ ಜಾಸ್ತಿ ಶುದ್ಧ ನೀರು. ಸೂರಿನ ಅಂಚಿಗೆ ಪಿವಿಸಿ ಪೈಪು ಸೀಳಿ ದೋಣಿ ಕಟ್ಟಿ, ಅದನ್ನು ಬೇರೆ ತೊಟ್ಟಿಗೆ ಬಿಟ್ಟಿದ್ದೇವೆ. ಕೈ ತೊಳೆಯಲು, ಗಾಡಿ ತೊಳೆಯಲು ಈಗ ಅದೇ ನೀರು. ಸೂರು ಹಾಕಿಸಿ ದೋಣಿ ಕಟ್ಟದಿದ್ದರೆ ಏನೂ ಪ್ರಯೋಜನ ಇಲ್ಲ, ಶೀಟಿನಿಂದ ಇಳಿಯುವ ನೀರು ರಾಶಿಯ ಬುಡಕ್ಕೇ ಹೊಡೆಯುತ್ತದೆ.

ಶೆಡ್ ಆಗುವ ಮುಂಚೆ ಟಾರ್ಪಾಲಿನಿಂದ ಎಲ್ಲ ರಾಶಿ ಮುಚ್ಚಿ ನೋಡಿದ್ದೆ. ಮಳೆ ನೀರು ಒಳಗೆ ಹೋಗಲಿಲ್ಲ ನಿಜ, ಆದರೆ ಗಾಳಿಯೂ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ತೆಗೆದರೆ ಅಮೋನಿಯಾ ಘಾಟು ಕಣ್ಣಿಗೆ ಹೊಡೆಯಿತು, ಒಳಗೆಲ್ಲ ಲೋಳೆ. ಈಗ ಮಾಗುತ್ತಿರುವ ರಾಶಿಗಳಿಗೆ ಮಾತ್ರ, ಮಳೆ ಮೋಡ ಕಂಡಾಗ ಹೊದಿಸಿ, ನಿಂತ ತಕ್ಷಣ ತೆಗೆಯುತ್ತೇವೆ.

ಇನ್ನು ನೆಲ. ಆ 2016ರ ನಿಯಮದಲ್ಲಿ ಇದು ಸ್ಪಷ್ಟವಾಗಿಯೇ ಇತ್ತು: ರಾಶಿ ಹಾಕುವ ಜಾಗಕ್ಕೆ ಕಾಂಕ್ರೀಟ್ ಇರಬೇಕು, ಇಲ್ಲವೇ 50 ಸೆಂಟಿಮೀಟರ್ ದಪ್ಪಕ್ಕೆ ಗಟ್ಟಿ ಮಾಡಿದ ಜೇಡಿಮಣ್ಣು. 1ರಿಂದ 2 ಶೇಕಡಾ ಇಳಿಜಾರು, ಸುತ್ತ ಗಾರೆ ಮಾಡಿದ ಚರಂಡಿ. ಜೇಡಿ ಎಷ್ಟು ಬಿಗಿ ಇರಬೇಕು ಅಂತ ಅದರಲ್ಲಿ ಕೊಟ್ಟಿರುವ ಸಂಖ್ಯೆಯನ್ನು ವರ್ಷಕ್ಕೆ ಲೆಕ್ಕ ಹಾಕಿದರೆ, ನೀರು ಕೆಳಗೆ ಇಳಿಯುವುದು ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಒಳಗೇ. ನಾನು ಶೆಡ್ ಕೆಳಗೆ ಕಾಂಕ್ರೀಟ್ ಹಾಕಿಸಿದೆ, ಯಾಕೆಂದರೆ ಲೋಡರ್ ಬಕೆಟ್ ದಿನಾ ಕೆರೆಯುವುದು ಅಲ್ಲೇ. ಉಳಿದ ಕಡೆ ಜೇಡಿಮಣ್ಣು, ಅರ್ಧ ಅರ್ಧ ಅಡಿ ಹಾಕಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಹೊಡೆದು, ಮತ್ತೆ ಮೇಲೆ ಹಾಕಿ. ಎರೆ ಮಣ್ಣು ಬೇಡ, ಒಣಗಿದರೆ ಬಿರುಕು ಬಿಡುತ್ತದೆ. ಇಳಿಜಾರು 100 ಅಡಿಗೆ ಒಂದೂವರೆ ಅಡಿ ಇಟ್ಟಿದ್ದೇವೆ. ತೆರೆದ ಜಾಗವನ್ನೂ ಕಡಿಮೆ ಮಾಡಿದೆ. ಮಾಗುವ ರಾಶಿಗಳನ್ನು ಒತ್ತೊತ್ತಾಗಿ ಹಾಕಿ ಕಾಲು ಎಕರೆಗೆ ಇಳಿಸಿದೆ. ಖಾಲಿ ಬಿದ್ದ ಜಾಗದಲ್ಲಿ ಹುಲ್ಲು ಬಂತು.

ರಾಶಿಯ ದಿಕ್ಕನ್ನೂ ತಿರುಗಿಸಬೇಕಾಯಿತು. ಮೊದಲು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕುತ್ತಿದ್ದೆ, ಹೊಲದಲ್ಲಿ ಬದು ಹಾಕುವ ಅಭ್ಯಾಸ. ಹೊಲದಲ್ಲಿ ನೀರು ನಿಲ್ಲಬೇಕು, ಇಲ್ಲಿ ನಿಲ್ಲಬಾರದು. ಪ್ರತಿ ರಾಶಿಯ ಹಿಂದೆ ನೀರು ಕಟ್ಟಿಕೊಂಡು ಬುಡ ನೆಂದು, ಅಲ್ಲಿಂದಲೇ ಕಪ್ಪು ಸೋರುತ್ತಿತ್ತು. ಈಗ ಸಾಲುಗಳೆಲ್ಲ ಇಳಿಜಾರಿನ ಉದ್ದಕ್ಕೇ, ನಡುವೆ ನೀರು ಸರಾಗವಾಗಿ ಇಳಿದು ಚರಂಡಿ ಸೇರುತ್ತದೆ. ರಾಶಿಯ ಹದವೂ ಮುಖ್ಯ. ಒಳಗಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿಕೊಂಡು, ಕೈ ಬಿಟ್ಟರೆ ಮುದ್ದೆ ಹಾಗೇ ನಿಂತರೆ ಸರಿ, ತೇವ 50ರಿಂದ 60 ಶೇಕಡಾ ಇದೆ ಅಂತ. ನೀರು ಧಾರೆಯಾಗಿ ಇಳಿದರೆ ಆ ರಾಶಿ ಮಳೆ ಇಲ್ಲದೆಯೇ ಸೋರುತ್ತದೆ, ನಾರಿನ ಪುಡಿ ಜಾಸ್ತಿ ಬೇಕು. ನಾರಿನ ಪುಡಿ ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ, ಆದರೆ ಅದೇ ಹೊರಗೆ ನೆನೆದರೆ ಕಂದು ಬಣ್ಣದ ನೀರು ಬಿಡುತ್ತದೆ. ಅದಕ್ಕೇ ಪುಡಿಯ ದಾಸ್ತಾನೂ ಸೂರಿನ ಕೆಳಗೇ ಇರಬೇಕು. ಇದು ಗೊತ್ತಾಗಲು ನನಗೆ ಒಂದು ಮಳೆಗಾಲ ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ಉಳಿದ ಕೊಳೆ ನೀರಿಗೆ ಹೊಂಡ. ಈ ಸಲ ಲೆಕ್ಕ ಹಾಕಿಯೇ ತೋಡಿಸಿದ್ದು. ತೆರೆದ ಕಾಲು ಎಕರೆ ಅಂದರೆ ಸಾವಿರ ಚದರ ಮೀಟರ್, 60 ಮಿಲಿಮೀಟರ್ ಮಳೆಗೆ 60 ಸಾವಿರ ಲೀಟರ್. ರಾಶಿಗಳು ಹೀರಿಕೊಂಡದ್ದು ಹೋಗಿ ಅದಕ್ಕಿಂತ ಕಡಿಮೆಯೇ ಬರುತ್ತದೆ, ಆದರೂ ಒಂದರ ಹಿಂದೆ ಒಂದು ಎರಡು ಮಳೆಗೆ ಆಗುವಷ್ಟು ಬೇಕು ಅಂತ ಇಟ್ಟುಕೊಂಡೆ. ಮೇಲೆ 12 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳ, ಪಕ್ಕಗಳು ಇಳಿಜಾರು. ಮೇಲಿನ ಅರ್ಧ ಮೀಟರ್ ಯಾವಾಗಲೂ ಖಾಲಿ ಬಿಟ್ಟರೂ 1 ಲಕ್ಷ 8 ಸಾವಿರ ಲೀಟರ್ ಹಿಡಿಯುತ್ತದೆ. ಒಳಗೆ ಕೃಷಿ ಹೊಂಡಕ್ಕೆ ಹಾಕುವ ಹಾಳೆಗಿಂತ ದಪ್ಪದ, ಒಂದೂವರೆ ಮಿಲಿಮೀಟರಿನ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ. ಹೊಂಡಕ್ಕೆ ಮುಂಚೆ ಎರಡು ಖಾನೆಯ ಹೂಳಿನ ತೊಟ್ಟಿ. ಮೊದಲ ಖಾನೆಯಲ್ಲಿ ಮಣ್ಣು, ಪುಡಿ ಕೂರುತ್ತದೆ. ಎರಡನೆಯದರ ಬಾಯಿಗೆ ಜಾಲರಿಯಲ್ಲಿ ತೆಂಗಿನ ಮಟ್ಟೆ ತುಂಬಿಟ್ಟಿದ್ದೇವೆ, ತೇಲುವ ಕಸ ಅಲ್ಲಿ ನಿಲ್ಲುತ್ತದೆ. ಮಟ್ಟೆಯನ್ನು ತಿಂಗಳಿಗೊಮ್ಮೆ ಬದಲಿಸಿ ಹಳೆಯದನ್ನು ರಾಶಿಗೇ ಹಾಕುತ್ತೇವೆ.

ಹೊಂಡ ಆದ ಮೊದಲ ತಿಂಗಳು ವಾಸನೆ. ಸುತ್ತಲಿನ ಮೂರು ಮನೆಯವರು ಬಂದು ಹೇಳಿದರು, ಹೇಳಿದ್ದು ಸರಿಯೇ. ನಿಂತ ಕೊಳೆ ನೀರಿನಲ್ಲಿ ಆಮ್ಲಜನಕ ಮುಗಿದರೆ ಆ ವಾಸನೆ ಬಂದೇ ಬರುತ್ತದೆ. ಒಂದು ಸಣ್ಣ ಪಂಪ್ ಇಟ್ಟು, ಹೊಂಡದ ನೀರನ್ನೇ ಮೇಲೆತ್ತಿ ತೂತಿನ ಪೈಪಿನಿಂದ ಮತ್ತೆ ಹೊಂಡಕ್ಕೇ ಸುರಿಯುವ ಹಾಗೆ ಮಾಡಿದೆವು. ಗಾಳಿ ಬೆರೆಯಿತು, ಎರಡು ವಾರದಲ್ಲಿ ವಾಸನೆ ಇಳಿಯಿತು. ಅದಕ್ಕಿಂತ ಮುಖ್ಯ, ನೀರನ್ನು ಇಟ್ಟುಕೊಳ್ಳದೆ ಬಳಸಬೇಕು.

ಬಳಸುವುದು ಎಲ್ಲಿ? ರಾಶಿಗೇ. ಬಿಸಿ ಏರಿದ ರಾಶಿ ದಿನಾ ಆವಿಯಾಗಿ ಒಣಗುತ್ತದೆ, ಅದಕ್ಕೆ ನೀರು ಬೇಕೇ ಬೇಕು. ಮೊದಲು ಬೋರ್‌ವೆಲ್ ನೀರು ಹಾಕುತ್ತಿದ್ದೆ, ಈಗ ಹೊಂಡದ್ದು. ಆದರೆ ಹೊಸ ರಾಶಿಗೆ ಮಾತ್ರ. ಇದರಲ್ಲಿ ಒಂದು ತಪ್ಪು ಮಾಡಿದ್ದೇನೆ, ಬೇರೆಯವರು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಒಂದು ಸಲ ಮಾಗಿದ ರಾಶಿ ಒಣಗಿದೆ ಅಂತ ಅದಕ್ಕೂ ಈ ನೀರು ಹೊಡೆಸಿದೆ. ರಾಶಿ 55 ಡಿಗ್ರಿ ಬಿಸಿಯಲ್ಲಿ ದಿನಗಟ್ಟಲೆ ಬೆಂದು, ಮಗುಚಿ ಮಗುಚಿ ರೋಗಾಣುಗಳೆಲ್ಲ ಸತ್ತ ಮೇಲೆ, ಅದರ ಮೇಲೆ ಹಸಿ ಕಸದ ನೀರು ಹಾಕಿದರೆ ರೋಗಾಣು ವಾಪಸ್ ಬಂದ ಹಾಗೆಯೇ. ಮತ್ತೆ ಅದು ಬಿಸಿ ಏರುವುದಿಲ್ಲ. ಆ ಇಡೀ ರಾಶಿಯನ್ನು ಹೊಸ ಕಸದ ಜೊತೆ ಬೆರೆಸಿ ಮೊದಲಿಂದ ಮಾಡಬೇಕಾಯಿತು. ರೈತರು ಸೊಪ್ಪು ಬೆಳೆಯುವ ಮಡಿಗೆ ಹಾಕುವ ಗೊಬ್ಬರ ಅದು, ಸುಮ್ನೆ ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ.

ಎರಡನೇ ವರ್ಷ ಅಕ್ಟೋಬರಿನಲ್ಲಿ ಚಿತ್ತಾ ಮಳೆ ಮೂರು ದಿನ ಬಿಡದೆ ಹೊಡೆಯಿತು. ಎರಡನೇ ದಿನ ರಾತ್ರಿ ಹೊಂಡದಲ್ಲಿ ಒಂದು ಮೊಳ ಜಾಗ ಉಳಿದಿತ್ತು. ಇಬ್ಬರು ಹುಡುಗರು, ನಾನು, ಶೆಡ್ಡಿನ ಒಳಗಿದ್ದ ಒಣ ನಾರಿನ ಪುಡಿಯ ರಾಶಿಗೆ ಪಂಪ್ ಹಾಕಿ ಹೊಂಡದ ನೀರು ಕುಡಿಸಿದೆವು. ಬೆಳಗಿನ ಜಾವದ ಹೊತ್ತಿಗೆ ಪುಡಿಗೂ ಇನ್ನು ಹೀರಲು ಆಗಲಿಲ್ಲ. ಐದು ಗಂಟೆಗೆ ಅಜ್ಜನಿಗೆ ಫೋನ್ ಮಾಡಿದೆ. "ಅಜ್ಜಾ, ಇವತ್ತು ನಮ್ಮ ಹೊಂಡ ತುಂಬಿ ಸ್ವಲ್ಪ ನೀರು ಬರಬಹುದು. ಕಟ್ಟೆಗೆ ನೀರು ಇಳಿಯುವ ಕಡೆ ಮಣ್ಣಿನ ಮೂಟೆ ಇಟ್ಟು ನಮ್ಮ ಹುಡುಗರೇ ಬಾಯಿ ಕಟ್ಟುತ್ತಾರೆ, ಹಸು ಇವತ್ತು ಅಲ್ಲಿಗೆ ಬಿಡಬೇಡಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಮುಂಚೇನೇ ಹೇಳಿದೆಯಲ್ಲ, ಆಯ್ತು ಬಿಡು" ಅಂದರು. ಏಳು ಗಂಟೆಯ ಹೊತ್ತಿಗೆ ಹೊಂಡ ಅಂಚು ದಾಟಿ ಒಂದು ಗಂಟೆ ಹರಿಯಿತು. ಕೆಳಗೆ ಮೂವತ್ತು ಅಡಿ ಅಗಲಕ್ಕೆ ಬೆಳೆಸಿದ್ದ ಹುಲ್ಲು, ಲಾವಂಚದ ಪಟ್ಟಿಯಲ್ಲಿ ಅದು ಹರಡಿಕೊಂಡು ನಿಂತಿತು. ಅಜ್ಜನ ಬೇಲಿಯವರೆಗೆ ಬಂದದ್ದು ಬಕೆಟ್ ಲೆಕ್ಕದ್ದು. ಕಟ್ಟೆಗೆ ಹೋಗಲಿಲ್ಲ. ಆ ವಾರವೇ ಹೊಂಡದ ಗೋಡೆಗೆ ಕೆಂಪು ಬಣ್ಣದಲ್ಲಿ ಅರ್ಧ ಮಟ್ಟಕ್ಕೆ ಒಂದು ಗೆರೆ ಎಳೆಸಿದೆ. ಮಳೆಗಾಲದಲ್ಲಿ ನೀರು ಆ ಗೆರೆ ಮುಟ್ಟಿದರೆ ಅವತ್ತೇ ಪಂಪ್ ಶುರು, ಭಾನುವಾರ ಆದರೂ ಸರಿ, ಹಬ್ಬ ಆದರೂ ಸರಿ.

ಮೇಲ್ಗಡೆಯ ಕಾಲುವೆ ಹೊರಗೆ ಬೀಳುವ ಜಾಗದಿಂದ ಹೋದ ಮಳೆಗಾಲ ಮಾದರಿ ಕಳಿಸಿದ್ದೆ. ಬಾಟಲಿಯನ್ನು ಕಂಠದವರೆಗೆ ತುಂಬಿ, ಒಳಗೆ ಗಾಳಿಯ ಗುಳ್ಳೆ ಇಲ್ಲದ ಹಾಗೆ ಮುಚ್ಚಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಲ್ಯಾಬ್ ಮುಟ್ಟಿಸಬೇಕು, ಇಲ್ಲದಿದ್ದರೆ ದಾರಿಯಲ್ಲೇ ಫಲಿತಾಂಶ ಬದಲಾಗುತ್ತದೆ. ಬಿಒಡಿ 30ರ ಒಳಗೆ ಬಂತು. ತೇಲುವ ಮಣ್ಣು ಮಾತ್ರ ಇನ್ನೂ 100ರ ಹತ್ತಿರವೇ ಇದೆ, ಕಾಲುವೆಯ ಕೊನೆಯ ತಿರುವಿಗೆ ಇನ್ನೊಂದಿಷ್ಟು ಕಲ್ಲು ಬೇಕು.

ಭರಣಿ ಮಳೆಗೆ ಇನ್ನು ಹನ್ನೆರಡು ದಿನ ಇದೆ. ಬೇಸಿಗೆಯಿಡೀ ಒಣಗಿ ಕೂತ ಪುಡಿ, ಸಿಪ್ಪೆ ಎಲ್ಲ ಮೊದಲ ಮಳೆಯಲ್ಲೇ ಒಟ್ಟಿಗೆ ತೊಳೆದು ಬರುತ್ತದೆ, ವರ್ಷದಲ್ಲಿ ಜಾಸ್ತಿ ಕೊಳೆ ಅದೇ ನೀರಿನಲ್ಲಿ. ಈ ವಾರ ಅಂಗಳ ಗುಡಿಸುತ್ತಿದ್ದೇವೆ. ಹೂಳಿನ ತೊಟ್ಟಿ ನಿನ್ನೆ ಖಾಲಿ ಆಯಿತು, ಹನ್ನೊಂದು ಬಾಂಡ್ಲಿ ಕೆಸರು ಬಂತು. ಸೂರಿನ ದೋಣಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ಮರಿ ಹಾರುವವರೆಗೆ ಆ ಒಂದು ತುಂಡು ಬಿಟ್ಟು ಉಳಿದದ್ದನ್ನು ನಾಳೆ ತೊಳೆಸುತ್ತೇನೆ. ಐದು ಸೋಡಾ ಬಾಟಲಿಗಳೂ ತೊಳೆದು ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿವೆ.